ಹುಮಾಯೂನನ ತೋಟ, ನಿಜಾಮುದ್ದೀನ್ ಬಸ್ತಿ

ದೆಹಲಿಗೆ ಹೋಗಿ ಬಂದವರನ್ನು ಹುಮಾಯೂನನ ಮಕ್ಬರಾದಲ್ಲಿ ಏನು ನೋಡಿದಿರಿ ಎಂದು ಒಮ್ಮೆ ಕೇಳಿ ನೋಡಿ. ಗುಮ್ಮಟ ನೋಡಿದೆವು ಎನ್ನುತ್ತಾರೆ. ಕೆಂಪು ಕಲ್ಲು, ಬಿಳಿ ಅಮೃತಶಿಲೆ ಎನ್ನುತ್ತಾರೆ. ಮೊಬೈಲಿನಲ್ಲಿ ತೆಗೆದ ಫೋಟೊ ತೋರಿಸುತ್ತಾರೆ. ಆ ಫೋಟೊದಲ್ಲಿ ಗುಮ್ಮಟದ ಮುಂದೆ ಕಾಣುವ ಹಸಿರು ಏನು ಎಂದು ಕೇಳಿದರೆ ‘ಗಾರ್ಡನ್’ ಎಂಬ ಒಂದೇ ಮಾತಿನಲ್ಲಿ ಉತ್ತರ ಮುಗಿಯುತ್ತದೆ. ನಾನೂ ಬಹಳ ವರ್ಷ ಹಾಗೆಯೇ ಇದ್ದೆ. ಚರಿತ್ರೆಯ ಪಾಠದಲ್ಲಿ ಹುಮಾಯೂನನಿಗೆ ಸಿಗುವುದೇ ಅರ್ಧ ಪುಟ. ಅದರಲ್ಲೂ ಮಕ್ಕಳಿಗೆ ನೆನಪಿರುವುದು ಆತ 1556ರಲ್ಲಿ ಗ್ರಂಥಾಲಯದ ಮೆಟ್ಟಿಲಿನಿಂದ ಬಿದ್ದು ತೀರಿಕೊಂಡ ಸಂಗತಿ ಮಾತ್ರ.

2022ರ ಡಿಸೆಂಬರಿನಲ್ಲಿ ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಮಕ್ಕಳನ್ನು ದೆಹಲಿ, ಆಗ್ರಾ ಪ್ರವಾಸಕ್ಕೆ ಕರೆದುಕೊಂಡು ಹೋದ ಶಿಕ್ಷಕರಲ್ಲಿ ನಾನೂ ಒಬ್ಬಳು. ಬಸ್ಸಿನವರು ಮಕ್ಬರಾಕ್ಕೆ ಕೊಟ್ಟ ಸಮಯ ನಲವತ್ತು ನಿಮಿಷ. ಮಕ್ಕಳನ್ನು ಎಣಿಸುವುದರಲ್ಲೇ ನನಗೆ ಹತ್ತು ನಿಮಿಷ ಹೋಯಿತು. ಎಲ್ಲರೂ ಗುಮ್ಮಟದ ಕಡೆ ಓಡಿದಾಗ ಒಬ್ಬ ಹುಡುಗಿ ಮಾತ್ರ ಕಾಲುದಾರಿಯ ನಡುವೆ ಇರುವ ಕಿರಿದಾದ ಕಲ್ಲಿನ ಕಾಲುವೆಯ ಪಕ್ಕ ಕುಳಿತುಬಿಟ್ಟಳು. “ಟೀಚರ್, ಈ ನೀರು ಯಾವ ಕಡೆಗೆ ಹೋಗ್ತಾ ಇದೆ? ನೆಲ ಸಮ ಇದೆಯಲ್ಲ?” ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. “ಎದ್ದೇಳು, ಬಸ್ಸು ಹೊರಡುತ್ತೆ” ಎಂದು ಹೇಳಿದೆ. ಶಿಕ್ಷಕರಾದ ನಾವು ಉತ್ತರ ಗೊತ್ತಿಲ್ಲದಾಗ ಸಾಮಾನ್ಯವಾಗಿ ಹೇಳುವ ಮಾತು ಅದು. ಊರಿಗೆ ಬಂದ ಮೇಲೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಹುಡುಕಿ ಓದಿದೆ, ತಿಳಿದವರನ್ನು ಕೇಳಿದೆ. ಹಾಗೆ ತಿಳಿದದ್ದನ್ನು ಓದುಗರಾದ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಈ ತೋಟದ ಮೂಲ ನೋಡೋಣ. ಚೌಕಾಕಾರದ ನೆಲವನ್ನು ನೀರಿನ ಕಾಲುವೆಗಳಿಂದ ನಾಲ್ಕು ಭಾಗ ಮಾಡುವ ಕ್ರಮಕ್ಕೆ ಚಹಾರ್ ಬಾಗ್ ಎಂದು ಹೆಸರು. ಉರ್ದು ಬಲ್ಲವರಿಗೆ ಅರ್ಥ ಹೇಳಬೇಕಾಗಿಲ್ಲ. ಜನ್ನತಿನ ನಾಲ್ಕು ನದಿಗಳ ಕಲ್ಪನೆಯನ್ನು ಇದರೊಂದಿಗೆ ಜೋಡಿಸಿ ಹೇಳುವುದು ವಾಡಿಕೆ. ಆ ಮಾತಿನಲ್ಲಿ ಹುರುಳಿದೆ, ಆದರೆ ಕ್ರಮ ಅದಕ್ಕಿಂತ ಹಳೆಯದು. ಇರಾನಿನ ಪಸರ್ಗದೆಯಲ್ಲಿ ದೊರೆ ಸೈರಸ್ ಕ್ರಿಸ್ತಪೂರ್ವ ಆರನೆಯ ಶತಮಾನದಲ್ಲೇ ಕಲ್ಲಿನ ಕಾಲುವೆಗಳ ಇಂಥ ತೋಟ ಮಾಡಿಸಿದ್ದ. ಮುಸಲ್ಮಾನ ದೊರೆಗಳು ಅದನ್ನು ಬೆಳೆಸಿದರು, ಸಮರ್ಕಂದ್ ಮತ್ತು ಹೆರಾತ್‌ಗಳಲ್ಲಿ ಅದು ದೊಡ್ಡ ಕಲೆಯಾಯಿತು. ಅಲ್ಲಿಂದ ಅದನ್ನು ಇಲ್ಲಿಗೆ ತಂದವನು ಬಾಬರ್. ಹಿಂದೂಸ್ತಾನದಲ್ಲಿ ಹರಿಯುವ ನೀರಿನ ತೋಟಗಳಿಲ್ಲ ಎಂದು ಆತ ತನ್ನ ಆತ್ಮಚರಿತ್ರೆಯಲ್ಲಿ ಗೊಣಗಿದ್ದಾನೆ. ಗೊಣಗಿ ಸುಮ್ಮನಾಗದೆ ಆಗ್ರಾದಲ್ಲಿ ಯಮುನೆಯ ದಂಡೆಗೆ ತೋಟ ಹಾಕಿಸಿದ. ಆತನ ಗೋರಿಯೂ ಕಾಬೂಲಿನ ಒಂದು ತೋಟದಲ್ಲೇ ಇದೆ.

ಬಾಬರನ ಮಗ ಹುಮಾಯೂನ್ ಸತ್ತು ಒಂಬತ್ತು ವರ್ಷಗಳಾದ ಮೇಲೆ, ಸುಮಾರು 1565ರಲ್ಲಿ, ಯಮುನೆಯ ದಂಡೆಯ ಮೇಲೆ ಈ ಮಕ್ಬರಾದ ಕೆಲಸ ಆರಂಭವಾಯಿತು. ಅದರ ಹಿಂದೆ ನಿಂತವಳು ಆತನ ಪತ್ನಿ ಹಾಜಿ ಬೇಗಂ ಎಂದು ಪರಂಪರೆ ಹೇಳುತ್ತದೆ. ಶಿಲ್ಪಿ ಮೀರಕ್ ಮಿರ್ಜಾ ಗಿಯಾಸ್. ತಾಜ್ ಮಹಲಿಗಿಂತ ಅರವತ್ತು ವರ್ಷಕ್ಕೂ ಹೆಚ್ಚು ಹಿಂದಿನ ಮಾತಿದು. ಸುಮಾರು 30 ಎಕರೆಯ ಚೌಕದ ನಟ್ಟನಡುವೆ ಗೋರಿ, ಸುತ್ತ ನಾಲ್ಕು ದೊಡ್ಡ ಭಾಗಗಳು, ಪ್ರತಿಯೊಂದು ಭಾಗವೂ ಮತ್ತೆ ಒಂಬತ್ತು ಚೌಕಗಳು. ಒಟ್ಟು 36. ನಮ್ಮ ದೇಶದಲ್ಲಿ ಗೋರಿಯನ್ನು ಇಷ್ಟು ದೊಡ್ಡ ಚಹಾರ್ ಬಾಗಿನ ನಡುವೆ ಇಟ್ಟದ್ದು ಇದೇ ಮೊದಲು. ಮೊದಲಿಗೆ ನಕ್ಷೆಯಾಗಿ ಹುಟ್ಟಿದ್ದು ತೋಟವೇ. ಕಟ್ಟಡ ಆ ನಕ್ಷೆಯಲ್ಲಿ ನಡುವಿನ ಮನೆ, ಅಷ್ಟೆ.

1611ರಲ್ಲಿ ಇಲ್ಲಿಗೆ ಬಂದ ವಿಲಿಯಂ ಫಿಂಚ್ ಎಂಬ ಇಂಗ್ಲಿಷ್ ವ್ಯಾಪಾರಿ ಒಳಗಿನ ಬೆಲೆಬಾಳುವ ರತ್ನಗಂಬಳಿಗಳನ್ನೂ, ಗೋರಿಯ ಮುಂದೆ ಇಟ್ಟಿದ್ದ ಕುರ್‌ಆನ್ ಪ್ರತಿಗಳನ್ನೂ, ಹುಮಾಯೂನನ ಕತ್ತಿ, ಪೇಟ, ಪಾದರಕ್ಷೆಗಳನ್ನೂ ಕಂಡು ಬರೆದಿಟ್ಟಿದ್ದಾನೆ. ಅಂಥ ವೈಭವ ಉಳಿಯಲಿಲ್ಲ. ರಾಜಧಾನಿ ಮೊದಲೇ ಆಗ್ರಾದ ಕಡೆ ಹೊರಳಿತ್ತು, ತೋಟ ನೋಡಿಕೊಳ್ಳಲು ಹಣ ಬರಲಿಲ್ಲ. ಗೋಡೆಯೊಳಗೆ ಜನ ನೆಲೆಸಿದರು, ಗುಲಾಬಿ ಇದ್ದಲ್ಲಿ ಎಲೆಕೋಸು, ಹೊಗೆಸೊಪ್ಪು ಬೆಳೆದರು. ಅವರನ್ನು ಬೈಯಬೇಕೆಂದು ನನಗೆ ಅನಿಸುವುದಿಲ್ಲ. ಹೊಟ್ಟೆಗೆ ಬೇಕಿತ್ತು, ನೆಲ ಖಾಲಿ ಇತ್ತು. 1857ರ ಸೆಪ್ಟೆಂಬರಿನಲ್ಲಿ ಕೊನೆಯ ಮೊಗಲ್ ದೊರೆ ಬಹಾದುರ್ ಶಾಹ್ ಜಫರ್ ಆಶ್ರಯ ಪಡೆದದ್ದೂ ಸೆರೆಯಾದದ್ದೂ ಇದೇ ಆವರಣದಲ್ಲಿ.

ಅದಾದ ಮೇಲೆ ಆದ ಬದಲಾವಣೆ ಸದ್ದಿಲ್ಲದ್ದು, ಆದರೆ ತೋಟಕ್ಕೆ ಅದರಿಂದಾದ ಪೆಟ್ಟು ಎಲೆಕೋಸಿಗಿಂತ ದೊಡ್ಡದು. 1860ರ ಸುಮಾರಿಗೆ ಬ್ರಿಟಿಷರು ಇಲ್ಲಿಯ ಚೌಕದ ಕೊಳಗಳನ್ನು ಮುಚ್ಚಿ ತಮ್ಮ ದೇಶದ ರೀತಿಯಲ್ಲಿ ದುಂಡಗಿನ ಹೂಪಾತಿಗಳನ್ನು ಮಾಡಿದರು, ಕಂಡ ಕಂಡಲ್ಲಿ ಮರ ನೆಟ್ಟರು. ನೀರಿನ ತೋಟ ಹುಲ್ಲಿನ ತೋಟವಾಯಿತು. ವೈಸರಾಯ್ ಲಾರ್ಡ್ ಕರ್ಜನ್ ಇದು ತಪ್ಪು ಎಂದು ಕಂಡು ಮೂಲ ರೂಪಕ್ಕೆ ತರಲು ಆಜ್ಞೆ ಮಾಡಿದ. 1903ರಿಂದ 1909ರವರೆಗೆ ಕೆಲಸ ನಡೆದು ಕಾಲುವೆಗಳಿಗೆ ಮರಳುಗಲ್ಲು ಹಾಸಿದರು. (ಕರ್ಜನ್ ಬಂಗಾಳವನ್ನು ಒಡೆದವನು ಎಂದು ಪಾಠ ಮಾಡುವ ನಾವು ಇದನ್ನೂ ಒಂದು ಸಾಲು ಹೇಳಬಹುದು.) ಅಷ್ಟರಲ್ಲಿ 1947 ಬಂತು. ಮಕ್ಬರಾವೂ ಪುರಾನಾ ಕಿಲಾವೂ ನಿರಾಶ್ರಿತರ ಶಿಬಿರಗಳಾದವು. ಪಾಕಿಸ್ತಾನಕ್ಕೆ ಹೊರಡಲು ಕಾದಿದ್ದ ಸಾವಿರಾರು ಕುಟುಂಬಗಳು ಈ ಕಾಲುವೆಗಳ ಪಕ್ಕದಲ್ಲೇ ಒಲೆ ಹೂಡಿದವು. ಶಿಬಿರ ಸುಮಾರು ಐದು ವರ್ಷ ಇತ್ತು. ಅದು ಮುಗಿದಾಗ ಕಾಲುವೆಗಳು ಹಾಳಾಗಿದ್ದವು.

1993ರಲ್ಲಿ ಯುನೆಸ್ಕೊ ಈ ಸ್ಥಳವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಆಗಲೂ ಕಾಲುವೆಗಳು ಒಣಗಿಯೇ ಇದ್ದವು. ಸ್ವಾತಂತ್ರ್ಯದ ಐವತ್ತನೆಯ ವರ್ಷವಾದ 1997ರಲ್ಲಿ ಆಗಾ ಖಾನ್ ಟ್ರಸ್ಟ್ ಫಾರ್ ಕಲ್ಚರ್ ಎಂಬ ಸಂಸ್ಥೆ ತೋಟವನ್ನು ಮರಳಿ ಕಟ್ಟಿಕೊಡುವ ಉಡುಗೊರೆಯೊಂದಿಗೆ ಮುಂದೆ ಬಂತು. ಭಾರತೀಯ ಪುರಾತತ್ತ್ವ ಇಲಾಖೆಯೊಂದಿಗೆ ಸೇರಿ ಮಾಡಿದ ಆ ಕೆಲಸ 2003ರಲ್ಲಿ ಮುಗಿಯಿತು. ನಮ್ಮ ಹುಡುಗಿಯ ಪ್ರಶ್ನೆಗೆ ಉತ್ತರ ಇರುವುದು ಈ ಆರು ವರ್ಷಗಳಲ್ಲಿ.

ಮೊದಲು ಅವರು ಮಣ್ಣು ತೆಗೆದರು. ಶತಮಾನಗಳಲ್ಲಿ ನೆಲ ಮೇಲೆ ಮೇಲೆ ಏರಿ ಕಾಲುವೆಗಳ ಮಟ್ಟ ತಪ್ಪಿಹೋಗಿತ್ತು. ಸುಮಾರು 3,000 ಲಾರಿಗಳಷ್ಟು ಮಣ್ಣು ಹೊರಗೆ ಹೋದ ಮೇಲೆ ಮೂಲ ನೆಲ ಕಂಡಿತು. ಹಳೆಯ ಬಾವಿಗಳ ಹೂಳೆತ್ತಿದರು. ಮಳೆನೀರು ಇಂಗಿಸಲು 128 ಗುಂಡಿಗಳನ್ನು ತೋಡಿದರು. ಮಾವು, ಬೇವು, ನಿಂಬೆ, ದಾಳಿಂಬೆ, ದಾಸವಾಳ ಹೀಗೆ 2,500ಕ್ಕೂ ಹೆಚ್ಚು ಗಿಡಮರಗಳನ್ನು ನೆಟ್ಟರು. ಇವೆಲ್ಲ ಒಂದು ತೂಕವಾದರೆ ಕಾಲುವೆಗಳ ಕೆಲಸವೇ ಒಂದು ತೂಕ. ಒಟ್ಟು ಸುಮಾರು 3 ಕಿಲೋಮೀಟರ್ ಉದ್ದದ ಕಾಲುವೆಗಳನ್ನು ಬಿಚ್ಚಿ ಮತ್ತೆ ಕೂರಿಸಿದರು. ಕಲ್ಲುಕುಟಿಗರು ಕೈಯಿಂದಲೇ ಕಲ್ಲು ಕಡೆದರು. ಆ ಕಾಲುವೆಗಳಿಗೆ ಕೊಟ್ಟ ಇಳಿಜಾರು ಎಷ್ಟು ಗೊತ್ತೆ? 40 ಮೀಟರಿಗೆ 1 ಸೆಂಟಿಮೀಟರ್.

ವಿದ್ಯಾರ್ಥಿಗಳೇ, ಇದನ್ನು ಲೆಕ್ಕ ಹಾಕಿ. ನಾಲ್ಕು ಸಾವಿರಕ್ಕೆ ಒಂದು. ತೋಟದ ಒಂದು ಗೋಡೆಯಿಂದ ಎದುರಿನ ಗೋಡೆಗೆ ಸುಮಾರು 350 ಮೀಟರ್ ಎಂದಿಟ್ಟುಕೊಂಡರೆ ಇಡೀ ದಾರಿಗೆ ನೀರು ಇಳಿಯುವುದು ಒಂಬತ್ತು ಸೆಂಟಿಮೀಟರಿಗೂ ಕಡಿಮೆ, ಅಂದರೆ ನಿಮ್ಮ ಅಂಗೈಯ ಅಗಲ. ಕಣ್ಣಿಗೆ ನೆಲ ಸಮ, ನೀರಿಗೆ ಮಾತ್ರ ದಾರಿ ಗೊತ್ತು. ಇಳಿಜಾರು ಹೆಚ್ಚಾದರೆ ನೀರು ಓಡಿಹೋಗುತ್ತದೆ, ಕಾಲುವೆ ಚರಂಡಿಯಾಗುತ್ತದೆ. ಕಡಿಮೆಯಾದರೆ ನಿಂತು ಪಾಚಿ ಕಟ್ಟುತ್ತದೆ. ಗುಮ್ಮಟದ ನೆರಳು ಬೀಳಬೇಕು, ಆದರೂ ನೀರು ಚಲಿಸುತ್ತಿರಬೇಕು. ಹದಿನಾರನೆಯ ಶತಮಾನದ ಮೇಸ್ತ್ರಿಗಳಿಗೆ ಈ ಹದ ಗೊತ್ತಿತ್ತು.

ಇದು ನಿಜವಾಗಿ ಎಷ್ಟು ಕಷ್ಟ ಎಂದು ತಿಳಿಯಲು 2023ರ ಜನವರಿಯಲ್ಲಿ ನಮ್ಮ ಶಾಲೆಯ ಮೈದಾನದಲ್ಲಿ ಒಂದು ಪ್ರಯೋಗ ಮಾಡಿದೆವು. ಪ್ರಶ್ನೆ ಕೇಳಿದ ಹುಡುಗಿಯ ತಂದೆ ಗಾರೆ ಕೆಲಸದ ಮೇಸ್ತ್ರಿ. ಅವರು ಒಂದು ಭಾನುವಾರ ತಮ್ಮ ಲೆವೆಲ್ ಪೈಪು ತೆಗೆದುಕೊಂಡು ಬಂದರು. ನೀರು ತುಂಬಿದ ಉದ್ದನೆಯ ಪಾರದರ್ಶಕ ಪೈಪು ಅದು, ಎರಡು ತುದಿಯ ನೀರು ಒಂದೇ ಮಟ್ಟಕ್ಕೆ ನಿಲ್ಲುವುದೇ ಅದರ ಗುಟ್ಟು. 40 ಮೀಟರ್ ದಾರ ಕಟ್ಟಿ, ಮಕ್ಕಳು ಗುದ್ದಲಿ ಹಿಡಿದು, ಪ್ಲಾಸ್ಟಿಕ್ ಹಾಳೆ ಹಾಸಿ ಕಾಲುವೆ ಮಾಡಿದರು. ಮೇಸ್ತ್ರಿ ನಗುತ್ತಲೇ ಇದ್ದರು. “ಬಚ್ಚಲಮನೆಗೇ ನಾವು ಒಂದು ಮೀಟರಿಗೆ ಒಂದು ಸೆಂಟಿಮೀಟರ್ ಇಳಿಸ್ತೀವಿ ಟೀಚರ್. ನಲವತ್ತು ಮೀಟರಿಗೆ ಒಂದಾ?” ಎಂದರು. ಮೊದಲ ಸಲ ನೀರು ಅಲ್ಲಲ್ಲೇ ನಿಂತಿತು. ಎರಡನೆಯ ಸಲ ಹಿಂದಕ್ಕೆ ಹರಿದು ಶಿಕ್ಷಕರ ಕೊಠಡಿಯ ಮೆಟ್ಟಿಲಿಗೆ ಬಂತು. ಮೂರನೆಯ ಭಾನುವಾರ ಸಂಜೆ, ಒಂದು ಬೇವಿನ ಎಲೆ ಆ ತುದಿಯಿಂದ ಈ ತುದಿಗೆ ನಿಧಾನವಾಗಿ ತೇಲಿ ಬಂದಾಗ ಮಕ್ಕಳು ಹಾಕಿದ ಕೂಗು ನೀವು ಕೇಳಬೇಕಿತ್ತು. ಮೇಸ್ತ್ರಿ ನಗು ನಿಲ್ಲಿಸಿ ಆ ಎಲೆಯನ್ನೇ ನೋಡುತ್ತಾ ನಿಂತಿದ್ದರು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹಳೆಯ ತೋಟಕ್ಕೆ ಹಲವು ಕಾಲದ ಪದರಗಳಿರುತ್ತವೆ. ಯಾವುದನ್ನು ಉಳಿಸಬೇಕು, ಯಾವುದನ್ನು ತೆಗೆಯಬೇಕು? ದೆಹಲಿಯಲ್ಲಿ ಇಂಗ್ಲಿಷ್ ಪದರವನ್ನು ತೆಗೆದರು, ನನ್ನ ಅಭಿಪ್ರಾಯದಲ್ಲಿ ಸರಿ ಮಾಡಿದರು, ಏಕೆಂದರೆ ಕೆಳಗಿನ ಮೂಲ ರೂಪ ಹೆಚ್ಚುಕಡಿಮೆ ಪೂರ್ತಿ ಇತ್ತು. ನಮ್ಮ ಬೆಂಗಳೂರಿನ ಲಾಲ್‌ಬಾಗಿಗೆ ಇದೇ ನ್ಯಾಯ ಹಚ್ಚಲಾಗದು. 1760ರಲ್ಲಿ ಹೈದರಾಲಿ ಶಿರಾದ ಮೊಗಲ್ ತೋಟವನ್ನು ಕಂಡು ಸುಮಾರು 40 ಎಕರೆಯಲ್ಲಿ ಅದನ್ನು ಆರಂಭಿಸಿದ. ಟಿಪ್ಪು ಸುಲ್ತಾನ್ ದೂರದೇಶಗಳಿಂದ ಗಿಡ ತರಿಸಿದ. ಆಮೇಲೆ ಬ್ರಿಟಿಷರ ಸಸ್ಯತೋಟ, 1889ರಲ್ಲಿ ಅಡಿಗಲ್ಲು ಬಿದ್ದ ಗಾಜಿನ ಮನೆ, ಇಪ್ಪತ್ತನೆಯ ಶತಮಾನದಲ್ಲಿ ಜರ್ಮನಿಯ ಕ್ರುಂಬಿಗಲ್ ಮಾಡಿದ ಕೆಲಸ, ಎಲ್ಲ ಸೇರಿ ಇಂದಿನ 240 ಎಕರೆ. ಅಲ್ಲಿ ಒಂದು ಪದರ ಎಳೆದರೆ ಇನ್ನೊಂದು ಹರಿಯುತ್ತದೆ. ಹೈದರನ ಹೆಸರಿನ ಅಭಿಮಾನದಿಂದ ಗಾಜಿನ ಮನೆ ಕೆಡವಿ ಚಹಾರ್ ಬಾಗ್ ಮಾಡಿ ಎಂದು ಯಾರಾದರೂ ಹೇಳಿದರೆ ನಾನಂತೂ ಒಪ್ಪುವುದಿಲ್ಲ.

ಇಂಥ ಪ್ರಶ್ನೆಗಳನ್ನು ತೀರ್ಮಾನಿಸುವ ವಿದ್ಯೆಗೆ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್ ಎಂದು ಹೆಸರು. ಕನ್ನಡದಲ್ಲಿ ಭೂದೃಶ್ಯ ವಾಸ್ತುಶಿಲ್ಪ ಎನ್ನುತ್ತಾರೆ. ಹೂಕುಂಡ ಜೋಡಿಸುವ ಕೆಲಸ ಎಂದು ಬಹಳ ಜನ ತಿಳಿದಿದ್ದಾರೆ. ಮಣ್ಣು, ನೀರಿನ ಹರಿವು, ಮರದ ಬೇರು, ನೆರಳು, ಜನ ನಡೆಯುವ ದಾರಿ, ಕುಳಿತುಕೊಳ್ಳುವ ಜಾಗ ಇಷ್ಟನ್ನೂ ಒಟ್ಟಿಗೆ ಲೆಕ್ಕ ಹಾಕುವ ಶಾಸ್ತ್ರ ಅದು. ಈ ವಿದ್ಯೆಯಲ್ಲಿ ನಮ್ಮ ದೇಶದ ದೊಡ್ಡ ಹೆಸರುಗಳಲ್ಲಿ ಒಂದು ಮೊಹಮ್ಮದ್ ಶಹೀರ್. ದೆಹಲಿಯ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್‌ನಲ್ಲಿ ಬಹಳ ಕಾಲ ಪಾಠ ಹೇಳಿದವರು. ಮಕ್ಬರಾದ ಪಕ್ಕದಲ್ಲೇ ಇರುವ ಸುಂದರ್ ನರ್ಸರಿಯ ವಿನ್ಯಾಸ ಅವರದು.

ಹೊಸ ದೆಹಲಿ ಕಟ್ಟುವಾಗ ರಸ್ತೆ ಬದಿಗೆ ಯಾವ ಮರ ಹೊಂದುತ್ತದೆ ಎಂದು ನೋಡಲು, ಸಸಿ ಬೆಳೆಸಲು ಬ್ರಿಟಿಷರು ಮಾಡಿದ ಸಸ್ಯಕ್ಷೇತ್ರ ಅದು. ಅದರೊಳಗೆ ಮೊಗಲ್ ಕಾಲದ ಗೋರಿಗಳು, ಮಂಟಪಗಳು ಪೊದೆಗಳ ನಡುವೆ ಮುಚ್ಚಿಹೋಗಿದ್ದವು. ಸುಮಾರು 90 ಎಕರೆಯ ಈ ಜಾಗದ ನಡುವೆ ಶಹೀರ್ ಒಂದು ಉದ್ದನೆಯ ನೀರಿನ ಸಾಲು ಎಳೆದರು. ಅದರ ಅಂಚಿನ ಹೂಪಾತಿಗಳ ಆಕೃತಿಗೆ ರತ್ನಗಂಬಳಿಯ ಚಿತ್ತಾರವೇ ಆಧಾರ. ಒಂದು ಬದಿಯಲ್ಲಿ ದೆಹಲಿಯ ಮಣ್ಣಿನ ನಾಲ್ಕು ಬಗೆಗಳನ್ನು ಅವುಗಳ ಗಿಡಮರ ಸಮೇತ ತೋರಿಸಿದ್ದಾರೆ. ಕಲ್ಲುಗುಡ್ಡದ ನೆಲ ಕೋಹೀ, ನದಿಯಂಚಿನ ನೆಲ ಖಾದರ್, ಮೆಕ್ಕಲಿನ ಎತ್ತರದ ನೆಲ ಬಾಂಗರ್, ಜೌಗು ನೆಲ ಡಾಬರ್. ಭಾಷೆ ಕಲಿಸುವವಳಾದ್ದರಿಂದ ನನಗೆ ಈ ನಾಲ್ಕು ಮಾತುಗಳು ಬಹಳ ಹಿಡಿಸಿದವು. ನಮ್ಮ ಕಡೆ ಎರೆ, ಮಸಾರಿ, ಗರಸು ಎಂದು ರೈತರು ಹೇಳುವುದಿಲ್ಲವೆ, ಹಾಗೆ. ಇಂದು ಅಲ್ಲಿ 300ಕ್ಕೂ ಹೆಚ್ಚು ಜಾತಿಯ ಮರಗಳಿವೆ. 2018ರ ಫೆಬ್ರುವರಿಯಲ್ಲಿ ನರ್ಸರಿ ಸಾರ್ವಜನಿಕರಿಗೆ ತೆರೆಯಿತು. ಶಹೀರ್ ಅದನ್ನು ನೋಡಲಿಲ್ಲ, 2015ರಲ್ಲೇ ತೀರಿಕೊಂಡಿದ್ದರು. ಅವರು ನೆಡಿಸಿದ ಮರಗಳಲ್ಲಿ ಎಷ್ಟೋ ಇನ್ನೂ ಎಳೆಯವು.

ಇಲ್ಲಿಯವರೆಗೆ ಹೇಳಿದ್ದು ತೋಟದ ಮಾತು. ಇನ್ನು ತೋಟದ ನೆರೆಮನೆಯ ಮಾತು. ನನಗೆ ಮುಖ್ಯವಾಗಿ ಕಾಣುವುದೂ ಇದೇ.

ಮಕ್ಬರಾದಿಂದ ರಸ್ತೆ ದಾಟಿದರೆ ನಿಜಾಮುದ್ದೀನ್ ಬಸ್ತಿ. ಹಜರತ್ ನಿಜಾಮುದ್ದೀನ್ ಔಲಿಯಾ ಮತ್ತು ಅವರ ಶಿಷ್ಯ ಅಮೀರ್ ಖುಸ್ರೊ ಇಬ್ಬರೂ 1325ರಲ್ಲಿ ಇಲ್ಲೇ ಮಣ್ಣಾದರು. ಮಿರ್ಜಾ ಗಾಲಿಬರ ಗೋರಿಯೂ ಇಲ್ಲೇ. ಉರ್ದು ಓದಿದವರಿಗೆ ಇದು ತವರುಮನೆಯಂಥ ಜಾಗ. ಆದರೆ ಅಲ್ಲಿ ನಡೆದು ನೋಡಿದರೆ ಗಲ್ಲಿಗಳು ಎಷ್ಟು ಇಕ್ಕಟ್ಟು ಎಂದರೆ ಎದುರಿಗೆ ಬಂದವರಿಗೆ ದಾರಿ ಬಿಡಲು ಗೋಡೆಗೆ ಒರಗಬೇಕು. ರಸ್ತೆಯ ಒಂದು ಬದಿ 30 ಎಕರೆ ಹುಲ್ಲುಹಾಸು, ಇನ್ನೊಂದು ಬದಿ ಮಕ್ಕಳಿಗೆ ಚೆಂಡಾಡಲು ಜಾಗವಿಲ್ಲ. ಬಾದಶಹನ ಗೋರಿಗೆ ನೀರು ಹರಿಸಿ ಬದುಕಿರುವವರನ್ನು ಮರೆತರೆ ಅದೆಂಥ ಕೆಲಸ?

ಟ್ರಸ್ಟಿಗೆ ಈ ಪ್ರಶ್ನೆ ಹೊಸದಾಗಿರಲಿಲ್ಲ. ಈಜಿಪ್ಟಿನ ಕೈರೋದಲ್ಲಿ ಶತಮಾನಗಳ ಕಸ, ಕಟ್ಟಡದ ರಾಶಿ ಬಿದ್ದ ಗುಡ್ಡವೊಂದನ್ನು 30 ಹೆಕ್ಟೇರಿನ ಅಲ್ ಅಜ್‌ಹರ್ ಉದ್ಯಾನವನ್ನಾಗಿ ಮಾಡುವಾಗಲೂ ಹೀಗೇ ಆಗಿತ್ತು. 1984ರಲ್ಲಿ ಹೊರಟ ಯೋಜನೆ, ಉದ್ಯಾನ ಉದ್ಘಾಟನೆಯಾದದ್ದು 2005ರಲ್ಲಿ. ಅಗೆಯುವಾಗ ಸಲಾಹುದ್ದೀನನ ವಂಶದವರ ಕಾಲದ ನಗರದ ಗೋಡೆ ಸಿಕ್ಕಿತು. ಗೋಡೆಯ ಆಚೆಗೆ ದರ್ಬ್ ಅಲ್ ಅಹ್ಮರ್ ಎಂಬ ಬಡವರ ಹಳೆಯ ಮೊಹಲ್ಲಾ. ಉದ್ಯಾನ ಚೆಂದವಾದರೆ ಪಕ್ಕದ ನೆಲದ ಬೆಲೆ ಏರಿ ಅಲ್ಲಿಯವರೇ ಜಾಗ ಬಿಡಬೇಕಾಗುತ್ತದೆ ಎಂದು ತಿಳಿದು, ಆ ಮನೆಗಳ ದುರಸ್ತಿ, ಹುಡುಗರಿಗೆ ಮರಗೆಲಸ ಕಲ್ಲುಗೆಲಸದ ತರಬೇತಿ, ಸಣ್ಣ ಸಾಲ ಇವೆಲ್ಲವನ್ನೂ ಒಟ್ಟಿಗೆ ನಡೆಸಿದರು.

ಅದೇ ದಾರಿಯಲ್ಲಿ 2007ರಲ್ಲಿ ದೆಹಲಿಯಲ್ಲೂ ಒಪ್ಪಂದವಾಯಿತು. ಪುರಾತತ್ತ್ವ ಇಲಾಖೆ, ಕೇಂದ್ರ ಲೋಕೋಪಯೋಗಿ ಇಲಾಖೆ, ದೆಹಲಿ ನಗರಪಾಲಿಕೆ ಮತ್ತು ಟ್ರಸ್ಟ್ ಸೇರಿ ಮಕ್ಬರಾ, ನರ್ಸರಿ, ಬಸ್ತಿ ಮೂರನ್ನೂ ಒಂದೇ ಯೋಜನೆಗೆ ತಂದವು. ಮರುವರ್ಷವೇ ಪರೀಕ್ಷೆ ಎದುರಾಯಿತು. 2008ರ ಮಳೆಗಾಲದಲ್ಲಿ ದರ್ಗಾದ ಬಾವಲಿಯ, ಅಂದರೆ ಮೆಟ್ಟಿಲುಬಾವಿಯ, ಒಂದು ಬದಿ ಕುಸಿಯಿತು. ಹದಿನಾಲ್ಕನೆಯ ಶತಮಾನದ ಬಾವಿ ಅದು. ಇದನ್ನು ತೋಡುವ ಆಳುಗಳನ್ನು ಸುಲ್ತಾನ್ ತುಘಲಕ್ ತನ್ನ ಕೋಟೆಯ ಕೆಲಸಕ್ಕೆ ಎಳೆದುಕೊಂಡಾಗ ಅವರು ರಾತ್ರಿ ದೀಪ ಹಚ್ಚಿ ತೋಡಿದರು, ಸುಲ್ತಾನ್ ಎಣ್ಣೆ ಮಾರಬಾರದೆಂದು ಆಜ್ಞೆ ಮಾಡಿದಾಗ ದೀಪಗಳು ಬಾವಿಯ ನೀರಿನಿಂದಲೇ ಉರಿದವು ಎಂದು ದಂತಕಥೆ. ಚಿರಾಗ್ ದೆಹಲಿ ಎಂಬ ಹೆಸರಿಗೂ ಈ ಕಥೆಗೂ ನಂಟು ಹೇಳುತ್ತಾರೆ. ಕುಸಿದ ಬಾವಿಯ ಅಂಚಿನ ಮೇಲೆಯೇ ಜನ ಮನೆ ಕಟ್ಟಿಕೊಂಡು ವಾಸವಾಗಿದ್ದರು. ಅವರನ್ನು ಬಲವಂತದಿಂದ ಎಬ್ಬಿಸದೆ, ಮಾತಾಡಿ ಒಪ್ಪಿಸಿ, ಬೇರೆ ಮನೆಗೆ ವ್ಯವಸ್ಥೆ ಮಾಡಿ ಆಮೇಲೆ ಗೋಡೆ ಕಟ್ಟಿದರು. ಏಳುನೂರು ವರ್ಷದ ಹೂಳನ್ನು ಕೈಯಿಂದಲೇ ಎತ್ತಿದರು. ಬಾವಿ ಮತ್ತೆ ತುಂಬಿತು.

ಬಸ್ತಿಯ ನಗರಪಾಲಿಕೆ ಪ್ರಾಥಮಿಕ ಶಾಲೆಯ ಕಟ್ಟಡ ದುರಸ್ತಿಯಾಯಿತು, ದಾಖಲಾತಿ ಏರಿತು. ಆಸ್ಪತ್ರೆ ಸುಧಾರಿಸಿತು. ಹೆಣ್ಣುಮಕ್ಕಳು ಕಸೂತಿ, ಕಾಗದದ ಕತ್ತರಿಕೆ ಕಲಿತು ಸಂಘ ಮಾಡಿಕೊಂಡರು. ಇನ್ನೊಂದು ಗುಂಪು 2012ರಿಂದ ‘ಜಾಯ್ಕಾ ಎ ನಿಜಾಮುದ್ದೀನ್’ ಎಂಬ ಹೆಸರಿನಲ್ಲಿ ಮನೆ ಅಡುಗೆ ಮಾರುತ್ತಿದೆ. ಸುತ್ತಮುತ್ತ ಹಾಳುಬಿದ್ದ ಸಣ್ಣ ಸಣ್ಣ ಪಾರ್ಕುಗಳನ್ನು ಸರಿಪಡಿಸಿದರು. ಅವುಗಳಲ್ಲಿ ಒಂದು ಹೆಂಗಸರಿಗೆ ಮಾತ್ರ ಮೀಸಲು, ಪರ್ದಾ ಬಾಗ್. ಓದುವ ಗಂಡಸರಿಗೆ ಇದು ಸಣ್ಣ ಸಂಗತಿ ಅನಿಸಬಹುದು. ನಮ್ಮ ಊರಿನಲ್ಲಿ ನನಗೆ ಗೊತ್ತಿರುವ ಎಷ್ಟೋ ತಾಯಂದಿರು ಮದುವೆ, ಆಸ್ಪತ್ರೆ ಬಿಟ್ಟರೆ ಬಯಲಿನಲ್ಲಿ ಅರ್ಧ ಗಂಟೆ ಕುಳಿತವರಲ್ಲ. ಅವರಿಗೆ ಒಂದು ಬೆಂಚು, ಒಂದು ಮರದ ನೆರಳು ಅಂದರೆ ಏನೆಂದು ಅವರನ್ನೇ ಕೇಳಬೇಕು. 2021ರಲ್ಲಿ ಯುನೆಸ್ಕೊ ಏಷ್ಯಾ ಪೆಸಿಫಿಕ್ ವಲಯದ ತನ್ನ ಅತ್ಯುನ್ನತ ಪ್ರಶಸ್ತಿ ಕೊಟ್ಟದ್ದು ಬಸ್ತಿಯ ಈ ಕೆಲಸಕ್ಕೆ.

ಎಲ್ಲ ಸರಿಹೋಯಿತು ಎಂದು ನಾನು ಹೇಳುತ್ತಿಲ್ಲ. ಗಲ್ಲಿಗಳು ಇನ್ನೂ ಇಕ್ಕಟ್ಟೇ. ನರ್ಸರಿಗೆ ಟಿಕೆಟ್ ಇದೆ. ನಿರ್ವಹಣೆಗೆ ಹಣ ಬೇಕು, ಒಪ್ಪೋಣ. ಆದರೂ ಐದು ಮಕ್ಕಳ ತಾಯಿ ಗೇಟಿನಲ್ಲಿ ನಿಂತು ತಲೆ ಎಣಿಸಿ ಹಿಂದೆ ಹೋಗುವಂತಾಗಬಾರದು. 2025ರ ಆಗಸ್ಟ್ 15, ಶುಕ್ರವಾರ, ಇಡೀ ದೇಶ ಹಬ್ಬದಲ್ಲಿದ್ದಾಗ ಮಕ್ಬರಾದ ಹತ್ತಿರದ ಪತ್ತೇ ಶಾಹ್ ದರ್ಗಾದಲ್ಲಿ ಒಂದು ಕೋಣೆಯ ಗೋಡೆ, ಚಾವಣಿ ಕುಸಿದು ಹಲವರು ಪ್ರಾಣ ಕಳೆದುಕೊಂಡರು. ಅಷ್ಟು ನಿಪುಣ ಕೈಗಳು ಇಪ್ಪತ್ತು ವರ್ಷ ಕೆಲಸ ಮಾಡಿದ ಜಾಗಕ್ಕೆ ಅಷ್ಟು ಸಮೀಪದಲ್ಲಿ! ಆ ಸುದ್ದಿ ಓದಿದ ದಿನ ಈ ಲೇಖನವನ್ನು ಬರೆಯುವುದೇ ಬೇಡ ಅನಿಸಿತ್ತು.

ಆ ಸುತ್ತಿನಲ್ಲಿ ನೀವು ತಪ್ಪದೆ ನೋಡಬೇಕಾದ ಇನ್ನೆರಡು ಜಾಗಗಳಿವೆ. ಒಂದು, 2024ರ ಜುಲೈಯಲ್ಲಿ ತೆರೆದ ವಸ್ತುಸಂಗ್ರಹಾಲಯ. ಸುಮಾರು ಒಂದು ಲಕ್ಷ ಚದರ ಅಡಿಯ ಕಟ್ಟಡವನ್ನು ಮೆಟ್ಟಿಲುಬಾವಿಯ ಹಾಗೆ ನೆಲದ ಕೆಳಗೆ ಇಳಿಸಿದ್ದಾರೆ, ಗುಮ್ಮಟದ ನೋಟಕ್ಕೆ ಅಡ್ಡ ಬರುವುದಿಲ್ಲ. ನಾವು ಹೋದಾಗ ಇನ್ನೂ ಕಾಮಗಾರಿ ನಡೆದಿತ್ತು. ಇನ್ನೊಂದು, ಅಬ್ದುಲ್ ರಹೀಮ್ ಖಾನ್ ಎ ಖಾನಾನ್ ತನ್ನ ಪತ್ನಿ ಮಾಹ್ ಬಾನುಗಾಗಿ 1598ರಲ್ಲಿ ಕಟ್ಟಿಸಿದ, ಮುಂದೆ ತಾನೂ ಮಣ್ಣಾದ ಮಕ್ಬರಾ. ಹಿಂದಿ ಪಾಠದ ದೋಹೆಗಳ ರಹೀಮನೇ ಈತ. ಇದರ ಕಲ್ಲುಗಳನ್ನು ಹದಿನೆಂಟನೆಯ ಶತಮಾನದಲ್ಲಿ ಸಫ್ದರ್‌ಜಂಗನ ಗೋರಿಗಾಗಿ ಕಿತ್ತೊಯ್ದಿದ್ದರು. 2014ರಿಂದ 2020ರವರೆಗೆ ಇದರ ಜೀರ್ಣೋದ್ಧಾರ ನಡೆಯಿತು.

ರಹೀಮನಿಂದ ನಮ್ಮ ನಾಡಿಗೆ ಒಂದು ದಾರಿ ಇದೆ. ಆತ ಅಧಿಕಾರ ನಡೆಸಿದ ಬುರ್ಹಾನ್‌ಪುರದಲ್ಲಿ 1615ರ ಸುಮಾರಿಗೆ ನೆಲದಡಿಯ ನೀರಿನ ಸುರಂಗಗಳು ಆದವು. ಇರಾನಿನಲ್ಲಿ ಕನಾತ್ ಎಂದೂ ನಮ್ಮಲ್ಲಿ ಕರೇಜ್ ಎಂದೂ ಕರೆಯುವ ವಿದ್ಯೆ ಅದು. ಎತ್ತರದ ಜಾಗದಲ್ಲಿ ಅಂತರ್ಜಲ ಮುಟ್ಟುವಂತೆ ಬಾವಿ ತೋಡಿ, ಅಲ್ಲಿಂದ ಬಹಳ ಸಣ್ಣ ಇಳಿಜಾರಿನ ಸುರಂಗ ಕೊರೆದು, ನಡುನಡುವೆ ಗಾಳಿಗೂ ಮಣ್ಣೆತ್ತಲೂ ಬಾಯಿಗಳನ್ನು ಬಿಟ್ಟು ನೀರನ್ನು ತಾನಾಗಿ ಊರಿಗೆ ಹರಿಸುವುದು. ಅದೇ ಇಳಿಜಾರಿನ ಲೆಕ್ಕ, ಆದರೆ ಕತ್ತಲಲ್ಲಿ. ಬುರ್ಹಾನ್‌ಪುರಕ್ಕೂ ಒಂದು ಶತಮಾನದ ಹಿಂದೆಯೇ, ಹದಿನೈದನೆಯ ಶತಮಾನದಲ್ಲಿ, ಬಹಮನಿ ದೊರೆಗಳು ಬೀದರಿನ ನೌಬಾದಿನಲ್ಲಿ ಇದನ್ನು ಮಾಡಿಸಿದ್ದರು. ಎರಡು ಕಿಲೋಮೀಟರಿಗೂ ಹೆಚ್ಚು ಉದ್ದ, 21 ಬಾಯಿಗಳು. ಹತ್ತು ವರ್ಷಗಳ ಹಿಂದೆ ಹೂಳು, ಕಸ ತೆಗೆಯುವವರೆಗೆ ಊರಿನವರಲ್ಲೇ ಬಹಳ ಜನಕ್ಕೆ ಅದು ಬರೀ ಪಾಳುಬಾವಿಗಳ ಸಾಲಾಗಿತ್ತು. ನೀವು ಬೀದರಿಗೆ ಹೋದರೆ ಕೋಟೆ ನೋಡುವ ಮೊದಲು ನೌಬಾದಿಗೆ ಹೋಗಿ, ಒಂದು ಬಾಯಿಯ ಅಂಚಿನಲ್ಲಿ ನಿಂತು ಕೆಳಗೆ ನೋಡಿ. ಅಂಚಿನಿಂದ ತುಸು ಹಿಂದೆಯೇ ನಿಂತಿರಿ, ಮಕ್ಕಳ ಕೈ ಹಿಡಿದುಕೊಳ್ಳಿ.

ಈ ವಿದ್ಯೆ ಓದಬೇಕೆನ್ನುವ ವಿದ್ಯಾರ್ಥಿಗಳಿಗೆ ದಾರಿ ಹೀಗಿದೆ. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಇರಬೇಕು. ‘ನಾಟಾ’ ಎಂಬ ಅಭಿರುಚಿ ಪರೀಕ್ಷೆ ಬರೆದು ಐದು ವರ್ಷದ ಬಿ.ಆರ್ಕ್ ಸೇರಬಹುದು. ದೆಹಲಿಯ ಸಂಸ್ಥೆಗೆ ಜೆಇಇ ಮೇನ್‌ನ ಎರಡನೆಯ ಪತ್ರಿಕೆ. ಆಮೇಲೆ ದೆಹಲಿ, ಅಹಮದಾಬಾದಿನಂಥ ಕಡೆ ಭೂದೃಶ್ಯ ವಾಸ್ತುಶಿಲ್ಪದಲ್ಲಿ ಎರಡು ವರ್ಷದ ಸ್ನಾತಕೋತ್ತರ ಪದವಿ. ಚಿತ್ರ ಬಿಡಿಸುವ ಕೈ, ಲೆಕ್ಕದ ತಲೆ ಎರಡೂ ಬೇಕು. ನಮ್ಮಲ್ಲಿ ಮೆಹಂದಿ ಬಿಡಿಸುವ ಹುಡುಗಿಯರ ಕೈ ನೋಡಿದರೆ ಮೊದಲನೆಯದಕ್ಕೆ ಕೊರತೆ ಇದೆ ಎಂದು ನನಗನಿಸಿಲ್ಲ.

ಕಾಲುವೆಯ ಪಕ್ಕ ಕುಳಿತು ಪ್ರಶ್ನೆ ಕೇಳಿದ ಆ ಹುಡುಗಿ ಈಗ ದ್ವಿತೀಯ ಪಿಯುಸಿಯಲ್ಲಿದ್ದಾಳೆ. ನಾಟಾ ಪರೀಕ್ಷೆಗೆ ಚಿತ್ರ ಅಭ್ಯಾಸ ಮಾಡುತ್ತಿದ್ದಾಳೆ. ಹೋದ ತಿಂಗಳು ಅವಳ ತಂದೆ ಕೆಲಸ ಮುಗಿಸಿ, ಕೈಯ ಸಿಮೆಂಟು ತೊಳೆದುಕೊಂಡು, ನಮ್ಮ ಮನೆಗೆ ಬಂದರು. ಬಾಗಿಲ ಹೊರಗೇ ನಿಂತು ಬಹಳ ಹೊತ್ತು ಏನೇನೋ ಮಾತಾಡಿದರು. ಕೊನೆಗೆ, “ತೋಟ ಮಾಡೋದಕ್ಕೆ ಐದು ವರ್ಷ ಓದಬೇಕಾ ಟೀಚರ್?” ಎಂದು ಕೇಳಿದರು.

“ಐದಲ್ಲ ಭಾಯ್, ಏಳು” ಎಂದೆ.

ಅವರು ಸ್ವಲ್ಪ ಹೊತ್ತು ಯೋಚಿಸಿದರು. “ಹೌದು, ಆ ಎಲೆ ಬರೋದಕ್ಕೇ ಮೂರು ಭಾನುವಾರ ಬೇಕಾಯ್ತಲ್ಲ” ಎಂದು ಹೇಳಿ, ಅರ್ಜಿಯ ಕೊನೆಯ ದಿನಾಂಕ ಯಾವಾಗ ಎಂದು ವಿಚಾರಿಸಿ ಹೋದರು.